ಮೊದಲ ಸಲ ವಿಜ್ಞಾನದ ವರ್ಕ್‌ಶಾಪ್‌ಗೆ ಹೊರಟಿದ್ದೀರಾ? ಅರೆಬೆಂದ ಕೆಲಸವನ್ನೇ ತೆಗೆದುಕೊಂಡು ಹೋಗಿ

ಪಿಎಚ್‌ಡಿಗೆ ಸೇರಿ ವರ್ಷವಾಗಿರುತ್ತದೆ. ಒಂದು ದಿನ ಗೈಡ್ ಕರೆದು "ಈ ಸಲದ ವರ್ಕ್‌ಶಾಪ್‌ಗೆ ನೀವೂ ಒಂದು ಅಬ್‌ಸ್ಟ್ರಾಕ್ಟ್ ಕಳಿಸಿ" ಅನ್ನುತ್ತಾರೆ, ಅಂದರೆ ನಿಮ್ಮ ಕೆಲಸದ ಚಿಕ್ಕ ಸಾರಾಂಶ. "ರಿಸಲ್ಟ್ ಇನ್ನೂ ಪೂರ್ತಿ ಬಂದಿಲ್ಲ ಸರ್" ಅಂತ ಬಾಯಿಗೆ ಬರುತ್ತದೆ, ಅಲ್ವಾ? ನಾನೂ ಹಾಗೇ ಅಂದು ಒಂದು ವರ್ಷ ಕಳೆದುಕೊಂಡೆ. ಪೂರ್ತಿ ಬಂದ ರಿಸಲ್ಟ್‌ಗೆ ಜರ್ನಲ್ ಇದೆ, ದೊಡ್ಡ ಕಾನ್ಫರೆನ್ಸ್ ಇದೆ. ವರ್ಕ್‌ಶಾಪ್ ಅಂತ ಒಂದೇ ಸಣ್ಣ ವಿಷಯದ ಮೇಲೆ ಪ್ರತಿ ವರ್ಷ ಐವತ್ತೋ ನೂರೋ ಜನ ಸೇರುವುದು, ಬೆಂದಿಲ್ಲದ್ದನ್ನು ಮುಂದಿಟ್ಟುಕೊಂಡು ಮಾತಾಡುವುದಕ್ಕೆ. ಇದು ತಲೆಗೆ ಹೋದರೆ ಅಲ್ಲಿನ ವಿಚಿತ್ರ ನಿಯಮಗಳೆಲ್ಲ ಅರ್ಥವಾಗುತ್ತವೆ.

ಮೊದಲು ಒಂಚೂರು ಇತಿಹಾಸ. 1947ರ ಜೂನ್‌ನಲ್ಲಿ ನ್ಯೂಯಾರ್ಕ್ ಹತ್ತಿರದ ಶೆಲ್ಟರ್ ಐಲ್ಯಾಂಡ್ ಅನ್ನುವ ದ್ವೀಪದಲ್ಲಿ ಎರಡು ಡಜನ್‌ನಷ್ಟು ಭೌತವಿಜ್ಞಾನಿಗಳು ಮೂರು ದಿನ ಒಂದು ಹೋಟೆಲ್‌ನಲ್ಲಿ ಕೂತಿದ್ದರು. ವಿಲ್ಲಿಸ್ ಲ್ಯಾಂಬ್ ಎದ್ದುನಿಂತು, ಹೈಡ್ರೋಜನ್ ಪರಮಾಣುವಿನಲ್ಲಿ ಥಿಯರಿ ಪ್ರಕಾರ ಸಮ ಇರಬೇಕಾದ ಎರಡು ಶಕ್ತಿಮಟ್ಟಗಳು ಸಮ ಇಲ್ಲ ಅಂತ ಹೇಳಿದರು. ಆ ಅಳತೆ ಆಗ ಇನ್ನೂ ಅಚ್ಚಾಗಿರಲಿಲ್ಲ. ಅದನ್ನು ಕೇಳಿಸಿಕೊಂಡ ಹಾನ್ಸ್ ಬೇಥೆ ಸಭೆ ಮುಗಿಸಿ ಸ್ಕೆನೆಕ್ಟಡಿಗೆ ಹೋಗುವ ರೈಲಿನಲ್ಲೇ ಲೆಕ್ಕ ಹಾಕಿ, ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ಹೆಚ್ಚುಕಡಿಮೆ ಹಿಡಿದುಬಿಟ್ಟರು. ಪೇಪರ್ ಅಚ್ಚಾಗುವವರೆಗೆ ಕಾದಿದ್ದರೆ ಆ ರೈಲಿನಲ್ಲಿ ಅವರು ಸುಮ್ನೆ ಕಿಟಕಿ ನೋಡುತ್ತಾ ಕೂರಬೇಕಿತ್ತು.

ಇನ್ನು ಹೀಗೆ ಸೇರುವುದನ್ನೇ ಒಂದು ಪದ್ಧತಿ ಮಾಡಿದವರಲ್ಲಿ ರಸಾಯನವಿಜ್ಞಾನಿ ನೀಲ್ ಗಾರ್ಡನ್ ಮುಖ್ಯರು. 1931ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಬೇಸಿಗೆ ಸಭೆಗಳು ಇವತ್ತು ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್ ಅಂತ ಹೆಸರಾಗಿವೆ. ಅಲ್ಲಿ ಹೇಳಿದ್ದನ್ನು ಹೊರಗೆ ಉಲ್ಲೇಖಿಸುವಂತಿಲ್ಲ, ಸ್ಲೈಡ್‌ನ ಫೋಟೋ ತೆಗೆಯುವಂತಿಲ್ಲ. ಬೆಳಿಗ್ಗೆ ಭಾಷಣ, ರಾತ್ರಿ ಮತ್ತೆ ಭಾಷಣ, ಮಧ್ಯಾಹ್ನ ಖಾಲಿ. ಖಾಲಿ ಇದೆ ಅಂತ ರೂಮಿಗೆ ಹೋಗಿ ಮಲಗಬೇಡಿ, ಯಾರ ಕೆಲಸದ ಬಗ್ಗೆ ಪ್ರಶ್ನೆ ಇದೆಯೋ ಅವರ ಜೊತೆ ವಾಕಿಂಗ್ ಹೋಗಿ. ಮಧ್ಯಾಹ್ನವನ್ನು ಖಾಲಿ ಬಿಟ್ಟಿರುವುದೇ ಅದಕ್ಕೆ.

ಜರ್ಮನಿಯ ಓಬರ್‌ವೋಲ್ಫಾಕ್‌ನಲ್ಲಿ 1944ರಿಂದ ಒಂದು ಗಣಿತ ಸಂಸ್ಥೆ ಇದೆ. ಕಾಡಿನ ನಡುವೆ, ವಾರಕ್ಕೊಂದು ವರ್ಕ್‌ಶಾಪ್. ಅಲ್ಲಿ ಊಟದ ನ್ಯಾಪ್‌ಕಿನ್ ಇಡುವ ಚೀಲದ ಮೇಲೆ ನಿಮ್ಮ ಹೆಸರಿರುತ್ತದೆ, ಅಡುಗೆಮನೆಯವರು ಪ್ರತಿ ಊಟಕ್ಕೂ ಅದನ್ನು ಬೇರೆ ಬೇರೆ ಮೇಜಿಗೆ ಹಂಚಿಟ್ಟಿರುತ್ತಾರೆ. ನೀವು ಗೆಳೆಯನ ಪಕ್ಕ ಕೂರೋಣ ಅಂದರೂ ನಿಮ್ಮ ನ್ಯಾಪ್‌ಕಿನ್ ಯಾರೋ ಹಿರಿಯರ ಎದುರು ಕಾಯುತ್ತಿರುತ್ತದೆ. 1990ರಲ್ಲಿ ಶುರುವಾದ ಕಂಪ್ಯೂಟರ್ ವಿಜ್ಞಾನದ ಡಾಗ್‌ಸ್ಟೂಲ್ ಕೇಂದ್ರದಲ್ಲೂ ಇದೇ ಉಪಾಯ. ನೀವು ಹೋಗುವ ಕಡೆ ಈ ವ್ಯವಸ್ಥೆ ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ: ಪ್ರತಿ ಊಟಕ್ಕೂ ಗುರುತಿಲ್ಲದವರ ಮೇಜು. ಮೊದಲ ದಿನ ಮುಜುಗರ ಆಗುತ್ತದೆ, ಎರಡನೇ ದಿನ ಅವರೇ ಕರೆಯುತ್ತಾರೆ.

ಹೊಸಬರಿಗೆ ಇನ್ನೂ ಸುಲಭದ ಬಾಗಿಲು ಒಂದಿದೆ. 1992ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಟ್ರೆಕ್ ಅನ್ನುವ ವಾರ್ಷಿಕ ವರ್ಕ್‌ಶಾಪ್ ಶುರು ಮಾಡಿತು. ವಿಷಯ, ದಾಖಲೆಗಳ ರಾಶಿಯಲ್ಲಿ ಬೇಕಾದ್ದನ್ನು ಹುಡುಕುವುದು. ಅಲ್ಲಿಯವರೆಗೆ ಪ್ರತಿ ಲ್ಯಾಬ್ ತನ್ನದೇ ಪುಟ್ಟ ಸಂಗ್ರಹದ ಮೇಲೆ ಪರೀಕ್ಷೆ ಮಾಡಿ ನಮ್ಮದೇ ಮೇಲು ಅನ್ನುತ್ತಿತ್ತು, ಒಬ್ಬರ ಅಂಕವನ್ನು ಇನ್ನೊಬ್ಬರದರ ಜೊತೆ ಹೋಲಿಸಲು ದಾರಿಯೇ ಇರಲಿಲ್ಲ. ಟ್ರೆಕ್ ಎಲ್ಲರಿಗೂ ಒಂದೇ ದಾಖಲೆ ರಾಶಿ, ಒಂದೇ ಪ್ರಶ್ನೆಗಳನ್ನು ಕೊಟ್ಟಿತು. ಮೊದಲ ವರ್ಷ 25 ತಂಡ ಬಂದವು. ಇಂಥ ವರ್ಕ್‌ಶಾಪ್‌ಗಳು ಈಗ ಬೇರೆ ಬೇರೆ ಕ್ಷೇತ್ರಗಳಲ್ಲೂ ಇವೆ. ಇಲ್ಲಿ ನಿಮ್ಮ ಹೆಸರು ಯಾರಿಗೂ ಗೊತ್ತಿರಬೇಕಿಲ್ಲ. ಹೆಸರು ನೋಂದಾಯಿಸಿ, ಡೇಟಾ ಇಳಿಸಿಕೊಂಡು, ಗಡುವಿನೊಳಗೆ ಉತ್ತರ ಕಳಿಸಿದರೆ ಮಾತಾಡಲು ವಿಷಯ ತಾನಾಗಿ ಸಿಗುತ್ತದೆ. ಕೊನೆಯ ಸ್ಥಾನ ಬಂದರೂ ಹೋಗಿ, ಯಾಕೆ ಸೋತಿತು ಅನ್ನುವುದು ಗೆದ್ದವರಿಗೂ ಬೇಕಿರುತ್ತದೆ.

ಯಾವುದಕ್ಕೆ ಹೋಗಬೇಕು ಅಂತ ಆರಿಸಲು ಹಿಂದಿನ ಮೂರು ವರ್ಷದ ಕಾರ್ಯಕ್ರಮ ಪಟ್ಟಿ ತೆಗೆದು ನೋಡಿ. ನೀವು ಓದಿದ ಪೇಪರ್‌ಗಳ ಹೆಸರುಗಳು ಅಲ್ಲಿ ಇವೆಯೇ? ವಿದ್ಯಾರ್ಥಿಗಳಿಗೆ ಪೋಸ್ಟರ್, ಅಂದರೆ ಕೆಲಸವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಪಕ್ಕ ನಿಂತು ವಿವರಿಸುವ ಅವಕಾಶ, ಇದೆಯೇ? ಚರ್ಚೆಗೆ ಸಮಯ ಬಿಟ್ಟಿದ್ದಾರೆಯೇ? ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ "ಗೌರವಾನ್ವಿತ ವಿಜ್ಞಾನಿಗಳೇ, ಮುಖ್ಯ ಭಾಷಣಕ್ಕೆ ಬನ್ನಿ" ಅಂತ ಮೇಲ್ ಬಂದು ಕೊನೆಯಲ್ಲಿ ಫೀಸ್ ಕೇಳಿದ್ದರೆ ಅಳಿಸಿಹಾಕಿ, ಉತ್ತರ ಕೂಡ ಬೇಡ. ತೀರಾ ದೊಡ್ಡದೂ ಮೊದಲ ಸಲಕ್ಕೆ ಬೇಡ ಅನ್ನುತ್ತೇನೆ. ಕಂಪ್ಯೂಟರ್‌ಗೆ ಕಲಿಸುವ ಮಷೀನ್ ಲರ್ನಿಂಗ್ ಕ್ಷೇತ್ರದ ದೊಡ್ಡ ಕಾನ್ಫರೆನ್ಸ್ ನ್ಯೂರಿಪ್ಸ್ 1987ರಲ್ಲಿ ಡೆನ್ವರ್‌ನಲ್ಲಿ ಶುರುವಾದಾಗ ಸಣ್ಣ ಕೂಟ, 2018ರಲ್ಲಿ ಅದರ ಟಿಕೆಟ್ 12 ನಿಮಿಷದೊಳಗೆ ಖಾಲಿಯಾದವು! ಅಂಥ ಜಾತ್ರೆಗೆ ಹೋಗಲೇಬೇಕಾದರೆ ಅದರ ಜೊತೆಗೇ ನಡೆಯುವ ಪುಟ್ಟ ವರ್ಕ್‌ಶಾಪ್‌ಗಳಲ್ಲಿ ಒಂದನ್ನು ಹಿಡಿಯಿರಿ.

ಅಬ್‌ಸ್ಟ್ರಾಕ್ಟ್‌ನಲ್ಲಿ ಏನು ಮಾಡಿದಿರಿ ಅನ್ನುವುದರ ಜೊತೆ ಎಲ್ಲಿ ಸಿಕ್ಕಿಕೊಂಡಿದ್ದೀರಿ ಅಂತಲೂ ಒಂದು ಸಾಲು ಬರೆಯಿರಿ. ಲೇಖನ ಅಚ್ಚು ಹಾಕುತ್ತಾರಾ ಅಂತ ಮೊದಲೇ ಕೇಳಿ, ಹಾಕಿದರೆ ಅದೇ ಕೆಲಸವನ್ನು ಬೇರೆ ಕಡೆ ಕಳಿಸಲು ಆಗದೇ ಹೋಗಬಹುದು. ಪ್ರಯಾಣದ ಸಹಾಯಧನದ ಗಡುವು ಎಷ್ಟೋ ಸಲ ನೋಂದಣಿಯ ಗಡುವಿಗಿಂತ ಮುಂಚೆ ಮುಗಿದಿರುತ್ತದೆ, ಅದನ್ನು ಬೇರೆ ಗುರುತು ಹಾಕಿಕೊಳ್ಳಿ. ವೀಸಾ ಬೇಕಿದ್ದರೆ ಆಹ್ವಾನ ಪತ್ರವನ್ನು ಒಪ್ಪಿಗೆ ಬಂದ ದಿನವೇ ಕೇಳಿ.

ಪೋಸ್ಟರ್ ವಿಷಯದಲ್ಲಿ ನನ್ನ ಕಥೆ ಕೇಳಿ. ಮೊದಲ ಸಲ ನನ್ನ ಗ್ರಾಫ್‌ನಲ್ಲಿ ಹನ್ನೆರಡು ಸ್ಯಾಂಪಲ್‌ಗೆ ಹತ್ತೇ ಚುಕ್ಕೆ ಇದ್ದವು. ಗೆರೆಯಿಂದ ದೂರ ಬಿದ್ದ ಎರಡನ್ನು ಚೆಂದ ಕಾಣಲಿ ಅಂತ ತೆಗೆದಿದ್ದೆ. ಕಾಫಿ ಲೋಟ ಹಿಡಿದು ಬಂದ ಒಬ್ಬ ಹಿರಿಯರು ಪೆನ್ನಿನ ತುದಿಯಿಂದ ಚುಕ್ಕೆ ಎಣಿಸಿ, "ಉಳಿದೆರಡು ಎಲ್ಲಿ ಹೋದವು?" ಅಂದರು. ಬೆವರು ಬಂತು. ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಆಮೇಲೆ ಅವರು ಆ ಹತ್ತರ ಕಡೆ ತಿರುಗಿಯೂ ನೋಡಲಿಲ್ಲ, ಆ ಎರಡರ ಮುಂದೆಯೇ ಅರ್ಧ ಗಂಟೆ ನಿಂತರು, ಕಾಫಿ ಆರಿಹೋಯಿತು. ಆ ಎರಡು ಸ್ಯಾಂಪಲ್ ಬೇರೆ ದಿನ ತಯಾರಾದವು ಅಂತ ನನ್ನ ನೋಟ್‌ಬುಕ್‌ನಲ್ಲೇ ಇತ್ತು, ನಾನು ಗಮನಿಸಿರಲಿಲ್ಲ ಅಷ್ಟೇ. ಹಾಗಾಗಿ ಸರಿಬರದ ಚುಕ್ಕೆಗಳನ್ನು ಪೋಸ್ಟರ್‌ನಲ್ಲೇ ಇಡಿ, ಬೇಕಾದರೆ ಕೆಂಪು ಬಣ್ಣ ಹಾಕಿ. ಅಕ್ಷರ ಎರಡು ಮೀಟರ್ ದೂರದಿಂದ ಓದುವಂತಿರಲಿ, ಮಾತು ಎರಡು ನಿಮಿಷದಲ್ಲಿ ಮುಗಿಯಲಿ, ಉಳಿದದ್ದನ್ನು ಅವರೇ ಕೇಳುತ್ತಾರೆ. ಅಚ್ಚು ಹಾಕಿಸುವ ಮುಂಚೆ ಅಳತೆ ನೋಡಿಕೊಳ್ಳಿ. ಎ0 ಅಂದರೆ 841 × 1189 ಮಿಲಿಮೀಟರ್, ಆದರೆ ಅಲ್ಲಿನ ಬೋರ್ಡ್ ಉದ್ದುದ್ದವೋ ಅಡ್ಡಡ್ಡವೋ ಅಂತ ಕೇಳದೆ ಹೋದವರ ಪಾಡು ನೋಡಿದ್ದೇನೆ.

ವಾಪಸ್ ಬಂದ ವಾರದೊಳಗೆ ಮೇಲ್ ಬರೆಯಿರಿ. "ಭೇಟಿ ಸಂತೋಷ ತಂದಿತು" ಅನ್ನುವುದಕ್ಕಲ್ಲ. "ನೀವು ಹೇಳಿದ ಹಾಗೆ ಆ ಎರಡು ಸ್ಯಾಂಪಲ್ ಮತ್ತೆ ಮಾಡಿದೆ, ಹೀಗೆ ಬಂತು" ಅಂತ ಬರೆದು ಗ್ರಾಫ್ ಲಗತ್ತಿಸಿ. ಅಲ್ಲಿ ಕಿವಿಗೆ ಬಿದ್ದ, ಇನ್ನೂ ಅಚ್ಚಾಗದ ವಿಷಯವನ್ನು ನಿಮ್ಮ ಪೇಪರ್‌ನಲ್ಲಿ ಬಳಸಬೇಕಿದ್ದರೆ ಮೊದಲು ಅವರನ್ನೇ ಕೇಳಿ. ಜಾಸ್ತಿ ಜನ ಹೂಂ ಅನ್ನುತ್ತಾರೆ. ಕೆಲವರು "ಇನ್ನೆರಡು ತಿಂಗಳು ತಡೆಯಿರಿ, ನಮ್ಮದು ಹೊರಬರಲಿ" ಅನ್ನುತ್ತಾರೆ. ತಡೆಯಿರಿ.