‘ಹೇಗೋ ಬಿದ್ದ’ ಎಂದಿದ್ದೆ

ಕಾಸರಗೋಡಿನ ಪೆರ್ಲದ ಹತ್ತಿರದ ಒಂದು ಮನೆಯಲ್ಲಿ ಹೋಂ ನರ್ಸ್ ಆಗಿದ್ದೆ. ಹುಡುಗನಿಗೆ ಏಳು ವರ್ಷ, ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಎಣ್ಮಕಜೆ ಕಡೆ ಮಲಗಿದಲ್ಲೇ ಇರುವ ಮಗು ಎಂದರೆ ಹೊರಗಿನವರು ಮೊದಲು ಕೇಳುವುದು ‘ಎಂಡೋಸಲ್ಫಾನಾ?’ ಅಂತ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ಸಿಂಪಡಿಸುವುದು 2000ದಲ್ಲೇ ನಿಂತಿತ್ತು. ಇವನದು ಹೆರಿಗೆ ಹೊತ್ತಿಗೆ ಉಸಿರು ಕಟ್ಟಿ ಆದದ್ದು.

ಆವತ್ತು ಬೆಳಗ್ಗೆ ಮೈ ಒರೆಸಿ ನೋಡಿದರೆ ಹೊಸ ಡಯಾಪರ್ ಕಪಾಟಿನಲ್ಲೇ ಇತ್ತು. ನಾಲ್ಕು ಹೆಜ್ಜೆ ದೂರ. ಮಂಚದ ಕಂಬಿ ಇಳಿಸಿದ್ದೆ. ಅವನು ತಾನಾಗಿ ಮಗ್ಗುಲಾಗುವವನಲ್ಲ, ಅದೇ ಧೈರ್ಯ. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಅಡಿಕೆ ಗೋಣಿ ದೊಪ್ಪೆಂದು ಹಾಕಿದರು. ಬೆಚ್ಚಿದರೆ ಇಂಥ ಮಕ್ಕಳ ಮೈ ಬಿಲ್ಲಿನ ಹಾಗೆ ಸೆಟೆಯುತ್ತದೆ, ನನಗೆ ಗೊತ್ತಿದ್ದದ್ದೇ. ತಿರುಗುವಾಗ ನೆಲದಲ್ಲಿದ್ದ. ಅಳು ತಡವಾಗಿ ಬಂತು. ಎಡತೊಡೆ ಮುಟ್ಟಲು ಬಿಡಲಿಲ್ಲ.

ಕಾಲಿಗೆ ದಿಂಬು ಕಟ್ಟಿ, ಬೆಡ್‌ಶೀಟಿನಲ್ಲೇ ಎತ್ತಿ ಕಾರಿಗೆ ಹಾಕಿದೆವು. ಅಡ್ಕಸ್ಥಳ, ವಿಟ್ಲ, ಕಲ್ಲಡ್ಕ ದಾಟಿ ಮಂಗಳೂರು. ಗುಂಡಿ ಸಿಕ್ಕಿದಲ್ಲೆಲ್ಲ ಅವನ ನರಳಾಟ. ಡಾಕ್ಟರು ಕೇಳಿದಾಗ ನನ್ನ ಬಾಯಿಂದ ಬಂದದ್ದು, “ಹೇಗೋ ಬಿದ್ದುಬಿಟ್ಟ ಡಾಕ್ಟ್ರೇ.”

ತೊಡೆಯೆಲುಬು ಮುರಿದಿತ್ತು. ನಿಂತೇ ಗೊತ್ತಿಲ್ಲದ ಮಗುವಿನ ಎಲುಬು ಸಪೂರ, ವರ್ಷಗಟ್ಟಲೆ ತಿಂದ ಫಿಟ್ಸ್ ಮಾತ್ರೆಯಿಂದಲೂ ಸವೆದಿರಬಹುದು, ಸಣ್ಣ ಬೀಳು ಸಾಕು ಎಂದರು ಡಾಕ್ಟರು. ನನಗೆ ಹಾಯೆನಿಸಿತು. ಹಾಗೆ ಹಾಯೆನಿಸಿದ್ದಕ್ಕೇ ಆಮೇಲೆ ನಿದ್ದೆ ಬರಲಿಲ್ಲ.

ಕೆಲಸಕ್ಕೆ ಕಳಿಸಿದ ಏಜೆನ್ಸಿಯವರು, “ಬಾಯಿ ಬಿಡಬೇಡ, ಬೇರೆ ಮನೆ ಕೊಡ್ತೇವೆ” ಎಂದರು. ಗೆಳತಿ, “ನಿನ್ನ ತಪ್ಪಲ್ಲ ಮಾರಾಯ್ತಿ” ಎಂದಳು. ತಪ್ಪೇ ಅಲ್ಲ ಎನ್ನುವವರ ಎದುರು ಅಳುವುದೂ ಕಷ್ಟ. 2000ದಲ್ಲಿ ಆಲ್ಬರ್ಟ್ ವೂ ಎಂಬ ಅಮೆರಿಕದ ಡಾಕ್ಟರು, ಕೈತಪ್ಪಿನಿಂದ ರೋಗಿಗೆ ಪೆಟ್ಟಾಗಿ ತಾವೂ ನೋಯುವ ನನ್ನಂಥವರನ್ನು ‘ಎರಡನೇ ಬಲಿಪಶು’ ಎಂದು ಕರೆದರೆಂದು ಎಲ್ಲೋ ಓದಿದೆ. ಆ ಹೆಸರು ಹಿಡಿಸಲಿಲ್ಲ. ಎದೆಯಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಆರು ವಾರ ಮಲಗಿದವನು ಅವನು.

ಮೂರನೇ ರಾತ್ರಿ ಹಳೇ ಚಾರ್ಟಿನ ಹಿಂದೆ ನಿಮಿಷ ನಿಮಿಷ ನಡೆದದ್ದು ಬರೆದೆ. ಗೋಣಿಯ ಸದ್ದು, ಎಲುಬು ನನ್ನವಲ್ಲ. ಕಂಬಿ, ಕಪಾಟಿನ ಡಯಾಪರ್ ನನ್ನವು. ಎರಡೇ ಸಾಲು. ಆದರೆ ‘ಹೇಗೋ’ ಎಂಬ ಮಾತನ್ನು ಯಾವ ಸಾಲಿಗೆ ಸೇರಿಸುವುದು?

ಮರುದಿನ ಅಡುಗೆಮನೆಗೆ ಹೋಗಿ ಹುಡುಗನ ಅಮ್ಮನಿಗೆ, “ಅಕ್ಕ, ಅವತ್ತು ಕಂಬಿ ಏರಿಸಿರಲಿಲ್ಲ ನಾನು” ಎಂದೆ. ಅವರು ಅಕ್ಕಿ ತೊಳೆಯುತ್ತಿದ್ದರು. ನೀರು ಚೆಲ್ಲಿ ಮತ್ತೆರಡು ಸಲ ತೊಳೆದರು.

“ಗೊತ್ತು ಸಿಸ್ಟರ್. ನಾನು ಓಡಿ ಬಂದಾಗ ಕಂಬಿ ಕೆಳಗೇ ಇತ್ತಲ್ಲ. ನೀವು ಹೇಳ್ತೀರೋ ಇಲ್ವೋ ಅಂತ ನೋಡ್ತಾ ಇದ್ದೆ.”

ಎರಡು ದಿನ ಅವನನ್ನು ಅವರೇ ಒರೆಸಿದರು. ನಾನು ಪಕ್ಕದಲ್ಲಿ ಬಟ್ಟೆ ಹಿಂಡಿಕೊಡುತ್ತಿದ್ದೆ. ಬೈದಿದ್ದರೆ ಇದಕ್ಕಿಂತ ಸುಲಭವಿತ್ತು. ಮೂರನೇ ದಿನ ಬಟ್ಟೆ ನನ್ನ ಕೈಗೆ ಕೊಟ್ಟರು, ಏನೂ ಹೇಳಲಿಲ್ಲ. ಎರಡು ಗಂಟೆಗೊಮ್ಮೆ ಇಬ್ಬರೂ ಸೇರಿ ತಿರುಗಿಸುವುದು, ಬೆರಳ ತುದಿ ನೀಲಿಯಾಗಿದೆಯಾ, ತಣ್ಣಗಿದೆಯಾ ನೋಡುವುದು, ಪ್ಲಾಸ್ಟರಿನ ಅಂಚು ಮೂಸುವುದು. ಕೈತುಂಬ ಕೆಲಸವಿದ್ದ ಹೊತ್ತಿನಲ್ಲಿ ಆ ಸದ್ದು ಕಿವಿಗೆ ಬರುತ್ತಿರಲಿಲ್ಲ. ಎಲ್ಲ ಸಾಮಾನು ಮಂಚದ ಬಳಿ ಜೋಡಿಸದೆ ಡಯಾಪರಿಗೆ ಕೈ ಹಾಕುವುದನ್ನು ಅಂದೇ ಬಿಟ್ಟೆ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಒಂದು ವರ್ಷ ಅಲ್ಲೇ ಇದ್ದೆ. ಈಗಿನ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ. “ಎಷ್ಟು ಸಲ ಆ ಕಂಬಿ ಅಲ್ಲಾಡಿಸಿ ನೋಡ್ತೀ ಮಾರಾಯ್ತಿ, ನಿದ್ದೆ ಮಾಡ್ಲಿಕ್ಕೆ ಬಿಡು” ಎಂದು ದಿನಾ ಬೈಯುತ್ತಾರೆ.