ತಾಳಮದ್ದಲೆಲಿ ದೇವರನ್ನ ಹೊಗಳೋದು: ಭೀಷ್ಮನ ಅರ್ಥಕ್ಕೆ ನಾನು ಮಾತು ಕಟ್ಟಿದ್ದು ಹೀಗೆ

ನಮ್ಮ ಸಿರ್ಸಿ ಸೀಮೆಲಿ ಮಳೆಗಾಲ ಅಂದ್ರೆ ತಾಳಮದ್ದಲೆ, ಯಕ್ಷಗಾನದ್ದೇ ಒಂದು ರೂಪ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹೇಳ್ತಾರೆ, ನಾವು ಕೂತಲ್ಲೇ ಅರ್ಥ ಹೇಳ್ಬೇಕು, ಅಂದ್ರೆ ಪದ್ಯ ಹಿಡ್ಕೊಂಡು ಪಾತ್ರದ ಮಾತನ್ನ ನಾವೇ ಕಟ್ಟಿ ಆಡ್ಬೇಕು, ಕೈಲಿರೋದು ಮಾತೊಂದೇ. ‘ಭೀಷ್ಮಾರ್ಜುನ’ ಪ್ರಸಂಗದ ಭೀಷ್ಮ ನನ್ನ ಪಾಲಿಗೆ ಬಂದಾಗ ಯುದ್ಧದ ಮಾತಿಗೆ ಚಿಂತೆ ಇರ್ಲಿಲ್ಲ, ಆದ್ರೆ ಚಕ್ರ ಹಿಡ್ಕೊಂಡು ರಥದಿಂದ ಧುಮುಕಿ ಬರೋ ಕೃಷ್ಣನ್ನ ಭೀಷ್ಮ ಹೊಗಳ್ಬೇಕಲ್ಲ, ಅಲ್ಲಿ ಏನ್ ಹೇಳೋದು? ತೈತ್ತಿರೀಯ ಉಪನಿಷತ್ತು ‘ಯತೋ ವಾಚೋ ನಿವರ್ತಂತೇ’ ಅಂದ್ಬಿಟ್ಟಿದೆ, ಮಾತು ಮನಸ್ಸು ಎರಡೂ ಮುಟ್ಟಲಾರದೆ ತಿರುಗಿ ಬರೋ ಜಾಗ ಅದು. ಅರ್ಥಧಾರಿ ಅಷ್ಟು ಹೇಳಿ ಸುಮ್ನೆ ಕೂರೋ ಹಾಗಿಲ್ಲ.

ಈ ಪ್ರಶ್ನೆ ಹಿಡ್ಕೊಂಡು ಹೊರಟ್ರೆ ಸೋಂದಾ ಒಂದೇ ಊರಲ್ಲಿ ಮೂರು ದಾರಿ ಸಿಗುತ್ತೆ. ಸ್ವರ್ಣವಲ್ಲಿ ಮಠದ್ದು ಅದ್ವೈತ, ಅಲ್ಲಿ ನಿರ್ಗುಣ ಬ್ರಹ್ಮವನ್ನ ಯಾವ ಶಬ್ದನೂ ನೇರವಾಗಿ ಹೇಳಲ್ಲ, ಲಕ್ಷಣೆಯಿಂದ, ಅಂದ್ರೆ ಸೂಚನೆಯಿಂದ ತೋರಿಸ್ಬೇಕು, ಇಲ್ಲಾ ‘ನೇತಿ ನೇತಿ’ (ಇದಲ್ಲ, ಇದಲ್ಲ) ಅಂತ ಒಂದೊಂದೇ ತೆಗೀತಾ ಹೋಗ್ಬೇಕು. ವಾದಿರಾಜರ ಮಠದ್ದು ದ್ವೈತ. ಮಧ್ವಾಚಾರ್ಯರ ಪ್ರಕಾರ ವೇದದ ಎಲ್ಲಾ ಶಬ್ದನೂ ಮುಖ್ಯವಾಗಿ ವಿಷ್ಣುವನ್ನೇ ಹೇಳುತ್ತೆ, ‘ಅವಾಚ್ಯ’ (ಮಾತಲ್ಲಿ ಹೇಳೋಕಾಗದ್ದು) ಅಂದಿದ್ದು ಪೂರ್ತಿ ಹೇಳಿ ಮುಗ್ಸೋಕೆ ಆಗಲ್ಲ ಅನ್ನೋದಕ್ಕೆ, ಮೇರು ಕಂಡವ್ರಿಗೂ ಇಡೀ ಮೇರು ಕಾಣಲ್ವಲ್ಲ ಹಾಗೆ. ಜೈನ ಮಠನೂ ಅಲ್ಲೇ ಇದೆ, ಒಂದು ವಸ್ತು ಬಗ್ಗೆ ಏಳು ಥರ ಹೇಳೋ ಅವರ ಸಪ್ತಭಂಗಿಲಿ ‘ಅವಕ್ತವ್ಯ’ (ಹೇಳೋಕಾಗದ್ದು) ಅನ್ನೋದೂ ಒಂದು ಭಂಗ, ಆದ್ರೆ ಅದು ಯಾವ ವಸ್ತುವಿಗಾದ್ರೂ ಅನ್ವಯಿಸೋ ಮಾತು, ಸೃಷ್ಟಿ ಮಾಡೋ ದೇವರ ಬಗ್ಗೆ ಅಲ್ಲ, ಹಾಗಾಗಿ ಭೀಷ್ಮನ ಬಾಯಿಗೆ ತರ್ಲಿಲ್ಲ. ನೇತಿ ನೇತಿನೂ ಬಿಟ್ಟೆ. ದೇವರು ಎದುರಿಗೇ ಓಡಿ ಬರ್ತಿರೋವಾಗ ‘ರೂಪ ಇಲ್ಲ’ ಅಂತ ಭೀಷ್ಮ ಹೇಗೆ ಹೇಳ್ತಾನೆ?

ಉಳಿದಿದ್ದು ವಿಶೇಷಣಗಳು. ಅನಂತ, ಅಚ್ಯುತ, ಸರ್ವಶಕ್ತ, ಸತ್ಯಸಂಧ, ಎಷ್ಟು ಬೇಕಾದ್ರೂ ಸಿಗುತ್ತೆ, ಸಭೆಲಿ ಚೆನ್ನಾಗೇ ಕೇಳುತ್ತೆ. ಆದ್ರೆ ಈ ಸನ್ನಿವೇಶ ನೋಡಿ, ಶಸ್ತ್ರ ಹಿಡಿಯಲ್ಲ ಅಂದಿದ್ದ ಕೃಷ್ಣ ಈಗ ಹಿಡಿದಿದ್ದಾನೆ, ಹಿಡಿಸ್ತೀನಿ ಅಂತ ಪಣ ತೊಟ್ಟಿದ್ದ ಭೀಷ್ಮ ಗೆದ್ದಿದ್ದಾನೆ. ‘ಸತ್ಯಸಂಧ’ ಅನ್ನೋ ಹೊಗಳಿಕೆ ಅಲ್ಲೇ ನಿಲ್ಲಲ್ಲ, ಸುಳ್ಳುಗಾರ ಅನ್ನೋಕೂ ನಾಲಿಗೆ ಬರಲ್ಲ, ಯಾಕಂದ್ರೆ ತನ್ನ ಮಾತು ಬಿಟ್ಟಿದ್ದು ಭಕ್ತನ ಮಾತು ಉಳಿಸೋಕೆ. ನಮ್ಮ ಒಳ್ಳೇದು ಕೆಟ್ಟದ್ದರ ಮಾತೆಲ್ಲ ಮನುಷ್ಯರನ್ನ ಅಳೆಯೋಕೆ ಹುಟ್ಟಿದ್ದು, ದೇವರಿಗೆ ಹಚ್ಚಿದ್ರೆ ಎರಡು ಕಡೆಯಿಂದ್ಲೂ ಸಾಲ್ದೇ ಬೀಳುತ್ತೆ, ಸ್ತುತಿಯ ಹೃದಯ ಇದೇ ಅಂತ ನನಗೆ ಅನ್ಸಿತು. ಹಾಗಾಗಿ ‘ಸತ್ಯಸಂಧ’ ಅಂತ ಒಂದ್ಸಲ ಹೇಳಿ, ಅಲ್ಲೇ ತಡೆದು, ‘ಅಲ್ಲ, ಹಾಗನ್ನಲಾರೆ, ಹಾಗನ್ನದೇ ಇರಲೂ ಆರೆ’ ಅಂತ ವಾಪಸ್ ತಗೊಳ್ಳೋ ಥರ ಕಟ್ಟಿದೆ.

ಆಮೇಲಿನ ಮಾತಿಗೆ ದಾರಿ ತೋರಿಸಿದ್ದು ಭಾಗವತದ 1ನೇ ಸ್ಕಂಧ 9ನೇ ಅಧ್ಯಾಯ, ಶರಶಯ್ಯೆ ಮೇಲೆ ಭೀಷ್ಮ ಮಾಡೋ ಸ್ತುತಿ. ಅಲ್ಲಿ ಭೀಷ್ಮ ಕಣ್ಣಲ್ಲಿ ಕಂಡಿದ್ದನ್ನ ನೆನಪು ಮಾಡ್ಕೊತಾನೆ. ಕುದುರೆ ಎಬ್ಬಿಸಿದ ಧೂಳು ಹತ್ತಿದ ಕೂದಲು, ಮುಖದ ಮೇಲಿನ ಬೆವರು, ತನ್ನದೇ ಬಾಣ ತಾಗಿ ಹರಿದ ಕವಚ, ಆದ ಗಾಯ, ಎತ್ತಿದ ರಥದ ಚಕ್ರ, ಧುಮುಕಿದ ರಭಸಕ್ಕೆ ಜಾರಿದ ಉತ್ತರೀಯ. ಓದ್ತಾ ನನಗೆ ಕಣ್ಣು ತುಂಬಿ ಬಂತು. ಹೇಳಿ ಮುಗಿಯದೇ ಇರೋನಿಗೆ ಬೆವರು ಬಂದಿದೆ, ಆ ಬೆವರನ್ನ ಮಾತಲ್ಲಿ ಹೇಳ್ಬಹುದು, ಅದು ಸುಳ್ಳೂ ಅಲ್ಲ!

ಅದಕ್ಕೇ ನನ್ನ ಅರ್ಥದಲ್ಲಿ ಆ ಧೂಳು, ಉತ್ತರೀಯ, ಗಾಯ ಇಷ್ಟನ್ನೇ ಇಟ್ಕೊಂಡೆ. ಇನ್ನೊಂದು, ‘ಅವನು ಹೀಗೆ, ಅವನು ಹಾಗೆ’ ಅನ್ನೋದನ್ನ ಪೂರ್ತಿ ತೆಗೆದು ‘ನೀನು’ ಅಂತ ಮಾಡಿದೆ. ದೇವರ ಬಗ್ಗೆ ಮಾತಾಡೋವಾಗ ಸಾಲ್ದೇ ಹೋಗೋ ಅದೇ ಮಾತು ದೇವರ ಜತೆ ಆಡಿದ್ರೆ ಸಾಕಾಗುತ್ತೆ, ‘ಬಾ, ಹೊಡಿ’ ಅನ್ನೋಕೆ ಯಾವ ವಿಶೇಷಣನೂ ಬೇಡ.

ಈ ಪಾತ್ರ ಮಾಡೋರಿದ್ರೆ ಒಂದು ಮಾತು, ಕೃಷ್ಣನ ಅರ್ಥ ಹೇಳೋರ ಜತೆ ಮೊದ್ಲೇ ಕೂತು ಮಾತಾಡ್ಕೊಳಿ. ಪ್ರತಿಜ್ಞೆ ವಿಷಯಕ್ಕೆ ಅವರು ಲಾಯರ್ ಥರ ಸಮರ್ಥನೆ ಕೊಡೋಕೆ ಹೊರಟ್ರೆ ಭೀಷ್ಮ ವಾಪಸ್ ತಗೊಂಡ ಮಾತಿಗೆ ಜಾಗನೇ ಉಳಿಯಲ್ಲ. ಭಾಗವತರಿಗೂ ಹೇಳಿಡಿ, ‘ಬಾ’ ಅಂದ ಕೂಡ್ಲೇ ಪದ್ಯ ಎತ್ಕೊಳ್ಳಲಿ.