ಸಿನಿಮಾ ವಸ್ತುವಿನ ನಕಲು ಮಾಡೋರಿಗೆ: ಸರಿಯಾದ ಫೋಟೊ ಎಲ್ಲಿ ಸಿಗುತ್ತದೆ?

ದಸರಾ ರಜೆಗೆ ಸಿನಿಮಾದ ಕತ್ತಿ, ಗನ್ ಅಂತ ನಕಲು ಮಾಡಲು ಹೊರಟಿರುವ ಮೈಸೂರಿನ ಗೆಳೆಯರೇ, ಗೂಗಲ್‌ನಲ್ಲಿ ಮೊದಲು ಬರುವ ಫೋಟೊ ನಂಬಬೇಡಿ. ಎಷ್ಟೋ ಸಲ ಅದು ಯಾರೋ ಮಾಡಿದ ನಕಲು, ಇಲ್ಲವೇ ಆಟಿಕೆ. ನಕಲಿನ ನಕಲು ಮಾಡಿದರೆ ಅವರ ತಪ್ಪೂ ಜೊತೆಗೇ ಬರುತ್ತದೆ.

ಹರಾಜು ಸಂಸ್ಥೆಗಳ ಕ್ಯಾಟಲಾಗ್ ನೋಡಿ. ಸೆಟ್‌ನಲ್ಲಿ ಬಳಸಿದ ಅಸಲಿ ವಸ್ತುವಿನ ಫೋಟೊ ಇರುತ್ತದೆ, ಬಹಳ ಸಲ ಅಳತೆಯೂ ಇರುತ್ತದೆ. ಆದರೆ ಕ್ಲೋಸಪ್‌ಗೆ ಒಂದು, ಫೈಟ್‌ಗೆ ರಬ್ಬರಿನದು ಇನ್ನೊಂದು ಅಂತ ಬೇರೆ ಬೇರೆ ಮಾಡಿರುತ್ತಾರೆ. ಎರಡನ್ನೂ ಬೆರೆಸಬೇಡಿ.

ಕೆಲವನ್ನು ಅಂಗಡಿ ಸಾಮಾನಿನಿಂದಲೇ ಮಾಡಿರುತ್ತಾರೆ. 1977ರ ‘ಸ್ಟಾರ್ ವಾರ್ಸ್’ನಲ್ಲಿ ನಾಯಕ ಲ್ಯೂಕ್‌ನ ಲೈಟ್‌ಸೇಬರ್ (ಬೆಳಕಿನ ಕತ್ತಿ) ಹಿಡಿ ಗ್ರಾಫ್ಲೆಕ್ಸ್ ಕ್ಯಾಮೆರಾದ ಹಳೇ ಫ್ಲಾಶ್ ಹಿಡಿಯಿಂದ ಮಾಡಿದ್ದು. ಸಿನಿಮಾ ಬಿಟ್ಟು ಆ ಫ್ಲಾಶ್‌ನ ಫೋಟೊ ಹುಡುಕುವುದೇ ಸುಲಭ, ಅಲ್ವಾ?

ಸಿನಿಮಾದ ಬ್ಲೂರೇ ಡಿಸ್ಕ್ ಇದ್ದರೆ, ಕಂಪ್ಯೂಟರಿನಲ್ಲಿ ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಇ’ (E) ಕೀ ಒತ್ತಿ ಒಂದೊಂದೇ ಫ್ರೇಮ್ ನೋಡಿ. ಬಣ್ಣ ಮಾತ್ರ ಅಲ್ಲಿಂದ ತೆಗೆದುಕೊಳ್ಳಬೇಡಿ, ಶೂಟಿಂಗ್ ಆದ ಮೇಲೆ ಬಣ್ಣ ತಿದ್ದುವ ಗ್ರೇಡಿಂಗ್‌ನಲ್ಲಿ ಬದಲಾಗಿರುತ್ತದೆ. ಅಳತೆಗೆ ದೂರದಿಂದ ಜೂಮ್ ಮಾಡಿದ ಶಾಟ್ ವಾಸಿ. ವೈಡ್ ಲೆನ್ಸ್‌ನಲ್ಲಿ ಹತ್ತಿರದ ತುದಿ ಸುಮ್ನೆ ದಪ್ಪ ಕಾಣುತ್ತದೆ.

ಹೆಬ್ಬಾಳದ ಲೇತ್ ಅಂಗಡಿಗೆ ಹೋಗುವಾಗ ಮಿಲಿಮೀಟರ್ ಬರೆದ ಚಿತ್ರ ಒಯ್ಯಿರಿ. ಬರೀ ಮೊಬೈಲ್ ಫೋಟೊ ತೋರಿಸಿದರೆ ಅಂದಾಜಿಗೆ ಕಡೆದುಬಿಡುತ್ತಾರೆ.